ಹಿತ್ತಲ ತಿಪ್ಪೆಯೂ ಬೆಂಗಳೂರು ಪದ್ಧತಿಯೂ

ಕಸವನ್ನು ಕೊಳೆಸಿ ಗೊಬ್ಬರ ಮಾಡುವ ವಿಧಾನಗಳನ್ನು ವಿವರಿಸುವ ಕೃಷಿಶಾಸ್ತ್ರದ ಮತ್ತು ನೈರ್ಮಲ್ಯಶಾಸ್ತ್ರದ ಪಠ್ಯಗಳಲ್ಲಿ, ಅವು ಯಾವ ದೇಶದಲ್ಲಿ ಬರೆದವಾದರೂ, ಭಾರತದ ಎರಡು ಊರುಗಳ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಒಂದು ಇಂದೋರ್, ಇನ್ನೊಂದು ಬೆಂಗಳೂರು. ಇಂದೋರ್ ಪದ್ಧತಿಯನ್ನು ರೂಪಿಸಿದ ಆಲ್ಬರ್ಟ್ ಹೋವರ್ಡರ ಹೆಸರು ಸಾವಯವ ಕೃಷಿಯ ಚರಿತ್ರೆಯಲ್ಲಿ ದೊಡ್ಡದಾಗಿ ನಿಂತಿದೆ. ಆದರೆ 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯು, ಅದು ಹುಟ್ಟಿದ ಊರಿನಲ್ಲೇ ಮನೆಯಂಗಳದ ಪಾತಿಗಳಿಗೆ ಗೊಬ್ಬರ ಹಾಕುವ ಹೆಚ್ಚಿನವರಿಗೆ ಅಪರಿಚಿತವಾಗಿ ಉಳಿದಿದೆ. ಅದನ್ನು ಪ್ರಯೋಗಶಾಲೆಯಿಂದ ಹೊರಬಂದ ಒಂದು ಸೂತ್ರವೆಂದಷ್ಟೇ ನೋಡಿದರೆ ಅದರ ಚರಿತ್ರೆಯ ಅರ್ಧ ಮಾತ್ರ ಕಾಣುತ್ತದೆ. ಉಳಿದ ಅರ್ಧವು ತಲೆಮಾರುಗಳಿಂದ ಕನ್ನಡ ನಾಡಿನ ಮನೆಗಳ ಹಿಂದೆ ಬೆಳೆಯುತ್ತಿದ್ದ ತಿಪ್ಪೆಯಲ್ಲಿ ಮತ್ತು ಕೊಳೆಯುವ ವಸ್ತುವನ್ನು ಕೈಯಲ್ಲಿ ಮುಟ್ಟಿ, ತಲೆಯ ಮೇಲೆ ಹೊತ್ತು ಕೆಲಸ ಮಾಡಬೇಕಾದವರು ಯಾರು ಎಂಬ ಪ್ರಶ್ನೆಯಲ್ಲಿ ಅಡಗಿದೆ.

ತಿಪ್ಪೆ ಎಂದರೆ ಮನೆಯ, ಕೊಟ್ಟಿಗೆಯ ಮತ್ತು ಕಣದ ಕಸವೆಲ್ಲ ದಿನದಿನವೂ ಬಂದು ಬೀಳುವ ಗುಡ್ಡೆ. ನೆಲವನ್ನು ತೋಡಿ ಅದರೊಳಗೆ ತುಂಬುತ್ತ ಹೋದರೆ ಅದೇ ತಿಪ್ಪೆಗುಂಡಿ. ದನಕರುಗಳ ಸಗಣಿ, ಅವು ತಿಂದು ಬಿಟ್ಟ ಮೇವು, ಒಲೆಯ ಬೂದಿ, ಅಂಗಳ ಗುಡಿಸಿದ ಮಣ್ಣು, ಕಾಯಿಪಲ್ಲೆಯ ಸಿಪ್ಪೆ, ಕಾಳು ಬಡಿದು ಉಳಿದ ಹೊಟ್ಟು, ಹೀಗೆ ಮನೆಯಿಂದ ಹೊರಬೀಳುವುದೆಲ್ಲವನ್ನೂ ಮಂಕರಿಯಲ್ಲಿ ತುಂಬಿ ಬೆಳಗಿನ ಜಾವದಲ್ಲಿ ತಿಪ್ಪೆಗೆ ಹೊತ್ತು ಹಾಕುವುದು ಬಹುಮಟ್ಟಿಗೆ ಹೆಂಗಸರ ದುಡಿಮೆಯಾಗಿತ್ತು. ಕೃಷಿಯ ಚರಿತ್ರೆಗಳು ನೇಗಿಲು ಹಿಡಿದವನನ್ನು ನೆನೆದಷ್ಟು ಈ ಮಂಕರಿ ಹೊತ್ತವಳನ್ನು ನೆನೆದಿಲ್ಲವೆಂಬುದು ಖೇದದ ಸಂಗತಿ. ವರ್ಷವಿಡೀ ಬೆಳೆದ ತಿಪ್ಪೆಯನ್ನು ಯುಗಾದಿಯ ನಂತರ, ಮುಂಗಾರಿಗೆ ಮುಂಚೆ ಒಡೆದು, ಮೇಲಿನ ಕೊಳೆಯದ ಪದರವನ್ನು ಬದಿಗೆ ಎಳೆದಿಟ್ಟು, ತಳದಲ್ಲಿ ಕಪ್ಪಾಗಿ ಕಳಿತ ಗೊಬ್ಬರವನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಬದಿಗಿಟ್ಟ ಅರೆಕೊಳೆತ ಪದರವು ಮುಂದಿನ ವರ್ಷದ ತಿಪ್ಪೆಗೆ ತಳವಾಗುತ್ತಿತ್ತು. ಹಾಲಿಗೆ ಹೆಪ್ಪು ಹಾಕುವ ಮನೆಗಳಿಗೆ ಇದರ ಹಿಂದಿನ ತರ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಗುಡ್ಡೆಗೆ ಜನಜೀವನದಲ್ಲಿದ್ದ ಸ್ಥಾನವು ಕೇವಲ ಉಪಯೋಗದ್ದಾಗಿರಲಿಲ್ಲ. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದು ಹೆಸರಿಡುವ ರೂಢಿಯಿತ್ತು. ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಣ್ಣ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿದ್ದು, ಅವುಗಳಿಗೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಿನ ಭಕ್ತಿಯೂ ಕಾರಣವಾಗಿದೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಯ ಬಲಿಪಾಡ್ಯಮಿಯಂದು ಸಗಣಿಯಿಂದ ಹಟ್ಟಿ ಲಕ್ಕವ್ವನನ್ನು ಮಾಡಿ, ಹೂವು ಹಾಗೂ ಉತ್ತರಾಣಿ ಕಡ್ಡಿಗಳಿಂದ ಸಿಂಗರಿಸಿ ಪೂಜಿಸುವ ಪದ್ಧತಿಯೂ, ಹಲವು ಕಡೆ ಅದೇ ಹಬ್ಬದಲ್ಲಿ ತಿಪ್ಪೆಯ ಮೇಲೆ ಹಣತೆ ಹಚ್ಚಿಡುವ ಪದ್ಧತಿಯೂ ಉಂಟು. ಲಕ್ಷ್ಮಿಯ ರೂಪವನ್ನು ಸಗಣಿಯಲ್ಲಿ ಕಂಡ ಈ ಆಚರಣೆಯಲ್ಲಿ ಒಕ್ಕಲುತನದ ಲೆಕ್ಕಾಚಾರ ಸ್ಪಷ್ಟವಾಗಿದೆ, ಏಕೆಂದರೆ ಮನೆಯೊಂದರ ತಿಪ್ಪೆಯ ಗಾತ್ರವನ್ನು ನೋಡಿ ಅದರ ದನಗಳ ಸಂಖ್ಯೆಯನ್ನೂ ಮುಂದಿನ ಸುಗ್ಗಿಯನ್ನೂ ಊರಿನವರು ಅಂದಾಜು ಮಾಡಬಲ್ಲವರಾಗಿದ್ದರು.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳ ಬೇಸಾಯವನ್ನೂ ಕಸುಬುಗಳನ್ನೂ ಪರಿಶೀಲಿಸಲು ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಪ್ರವಾಸಗ್ರಂಥವು 1807ರಲ್ಲಿ ಪ್ರಕಟವಾಯಿತು. ಮೈಸೂರು ಸೀಮೆಯ ಒಕ್ಕಲಿಗರ ಗೊಬ್ಬರದ ಗುಂಡಿಗಳನ್ನು ಅದು ಗಮನವಿಟ್ಟು ವಿವರಿಸುತ್ತದೆ: ಕೊಟ್ಟಿಗೆಯ ಸಗಣಿ, ಹಾಸು, ಮನೆಯ ಬೂದಿ ಹಾಗೂ ಕಸವೆಲ್ಲ ಗುಂಡಿಗೆ ಸೇರುತ್ತಿದ್ದ ಬಗೆ ಅಲ್ಲಿ ದಾಖಲಾಗಿದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಅಲ್ಲಿದೆ. ನಗರಕ್ಕೆ ಹತ್ತಿರವಿದ್ದ ರೈತರು ಎತ್ತುಗಳ ಮೇಲೆ ಚೀಲಗಳನ್ನು ಹೇರಿ ತಂದು, ಊರು ಗುಡಿಸುವವರಿಂದ ಅಲ್ಲಿನ ಬೂದಿಯನ್ನೂ ಮಲವನ್ನೂ ಕಸವನ್ನೂ ಪಡೆದು ಹೊಲಗಳಿಗೆ ಒಯ್ಯುತ್ತಿದ್ದರು. ಊರಿನ ಹೊಲಸು ಹೊಲದ ಹಸಿವಿಗೆ ಆಹಾರವಾಗುವ ಈ ವ್ಯವಹಾರಕ್ಕೆ ಆಗ ಯಾವ ಶಾಸ್ತ್ರದ ಹೆಸರೂ ಇರಲಿಲ್ಲ. ನೂರಮೂವತ್ತು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ನಡೆದ ಪ್ರಯೋಗಗಳ ಕಚ್ಚಾವಸ್ತು ಇದೇ ಆಗಿದ್ದುದನ್ನು ಮುಂದೆ ನೋಡಬಹುದು.

ಹೊಲಕ್ಕೆ ಹೋಗುವ ಗೊಬ್ಬರ ಗಾಡಿಯ ಲೆಕ್ಕದ್ದಾದರೆ, ಹಿತ್ತಲಿಗೆ ಬೀಳುವುದು ಮಂಕರಿಯ ಲೆಕ್ಕದ್ದು. ಮನೆಯ ಹಿಂದಿನ ಹಿತ್ತಲಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆ, ಅದರಾಚೆ ಬಸಳೆಯ ಚಪ್ಪರ, ಹೀರೆ ಮತ್ತು ಅವರೆಯ ಬಳ್ಳಿ, ಒಂದೆರಡು ಮಡಿಗಳಲ್ಲಿ ಹರಿವೆ, ದಂಟು, ಮೆಣಸಿನಗಿಡ. ಇವುಗಳಿಗೆಲ್ಲ ತಿಪ್ಪೆಯ ತಳದ ಪುಡಿಗೊಬ್ಬರವನ್ನು ಬೆರಳಲ್ಲಿ ಉದುರಿಸಿ ನೋಡಿ ಹಾಕುತ್ತಿದ್ದರು. ಕೈಗೆ ಅಂಟದೆ ಉದುರಬೇಕು, ಸಗಣಿಯ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಾಕಿದ್ದ ವಸ್ತು ಏನೆಂದು ಗುರುತು ಸಿಗಬಾರದು ಎಂಬ ಈ ಪರೀಕ್ಷೆಗಿಂತ ಉತ್ತಮವಾದುದನ್ನು ಮನೆತೋಟದ ಮಟ್ಟಿಗೆ ಇಂದಿನವರೆಗೂ ಯಾರೂ ಕಂಡುಹಿಡಿದಿಲ್ಲ. ಹಸಿ ಗೊಬ್ಬರ ಹಾಕಿದ ಮಡಿಯಲ್ಲಿ ಎಳೆಸಸಿ ಹಳದಿಯಾಗಿ ಸೊರಗುತ್ತದೆಂಬುದು ಹಿತ್ತಲಿನ ಅನುಭವದಲ್ಲಿ ಮೊದಲೇ ತಿಳಿದಿತ್ತು. ಅದರ ಕಾರಣ ಮಾತ್ರ ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರಕ್ಕೆ ಕಾದಿತ್ತು.

ಮಲೆನಾಡು ಮತ್ತು ಕರಾವಳಿಯಲ್ಲಿ ಇದೇ ವಿದ್ಯೆ ಇನ್ನೊಂದು ರೂಪ ತಾಳಿತು, ಮತ್ತು ಕುಶಲತೆಯಲ್ಲಿ ಬಯಲುಸೀಮೆಯದಕ್ಕಿಂತ ಒಂದು ಹೆಜ್ಜೆ ಮುಂದಿತ್ತೆಂದು ಹೇಳಲು ಅಡ್ಡಿಯಿಲ್ಲ. ಅಲ್ಲಿನ ಕೊಟ್ಟಿಗೆಯ ನೆಲಕ್ಕೆ ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಗೆಯಲ್ಲಿ ಒಣ ತರಗೆಲೆಯನ್ನೂ ದಿನವೂ ಹಾಸುತ್ತಿದ್ದರು. ದನಗಳು ಅದರ ಮೇಲೆ ಮಲಗಿ, ತುಳಿದು, ಸಗಣಿಯನ್ನೂ ಗಂಜಲವನ್ನೂ ಅದರಲ್ಲಿ ಬೆರೆಸುತ್ತಿದ್ದವು. ಗಂಜಲ, ಅಂದರೆ ದನದ ಮೂತ್ರ, ನೆಲಕ್ಕೆ ಇಂಗಿ ಹೋಗದಂತೆ ಎಲೆಯ ಹಾಸು ಅದನ್ನು ಹೀರಿಕೊಳ್ಳುತ್ತಿತ್ತು. ಸಸ್ಯದ ಬೆಳವಣಿಗೆಗೆ ಬೇಕಾದ ಸಾರಜನಕದಲ್ಲಿ ದನದ ದೇಹದಿಂದ ಹೊರಬರುವ ಪಾಲಿನ ಸುಮಾರು ಅರ್ಧ ಗಂಜಲದಲ್ಲೇ ಇರುವುದರಿಂದ, ಈ ಹಾಸು ಹಾಕುವ ಕೆಲಸ ಸ್ವಚ್ಛತೆಯ ಕ್ರಮವಾಗಿದ್ದಷ್ಟೇ ಸಂಪತ್ತನ್ನು ಕಾಪಾಡುವ ಕ್ರಮವೂ ಆಗಿತ್ತು. ಕೊಟ್ಟಿಗೆಯಿಂದ ಎಳೆದ ಈ ಹಾಸು ಗೊಬ್ಬರದ ಗುಂಡಿಯಲ್ಲಿ ಕಳಿತು ಅಡಿಕೆಯ ಬುಡಕ್ಕೂ ಭತ್ತದ ಗದ್ದೆಗೂ ಹೋಗುತ್ತಿತ್ತು.

ಇಷ್ಟೊಂದು ಎಲೆ ಬೇಕಾದಾಗ ಕಾಡಿನ ಮೇಲೆ ಹಕ್ಕಿನ ಪ್ರಶ್ನೆ ಏಳುವುದು ಸಹಜ. ಉತ್ತರ ಕನ್ನಡ ಮತ್ತು ಮಲೆನಾಡಿನ ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದಲ್ಲಿ ವರ್ಗ ಎಂಬ ಸಾಗುವಳಿ ಭೂಮಿಯ ಗಡಿಯಿಂದ ನೂರು ಗಜದೊಳಗಿನ ಕುಮ್ಕಿ, ಕೊಡಗಿನಲ್ಲಿ ಗದ್ದೆಗೆ ಅಂಟಿಕೊಂಡು ಬಂದ ಬಾಣೆ, ಇವೆಲ್ಲ ಹೆಸರು ಬೇರೆಯಾದರೂ ಒಂದು ಸತ್ಯವನ್ನು ಒಪ್ಪಿಕೊಂಡ ವ್ಯವಸ್ಥೆಗಳು: ಸಾಗುವಳಿಯ ಒಂದು ತುಂಡು ನೆಲವನ್ನು ಬದುಕಿಸಲು ಅದಕ್ಕಿಂತ ಎಷ್ಟೋ ದೊಡ್ಡದಾದ ಇನ್ನೊಂದು ನೆಲ ಸೊಪ್ಪನ್ನು ಕೊಡಬೇಕು. ಉತ್ತರ ಕನ್ನಡದಲ್ಲಿ ತೋಟದ ಒಂದು ಎಕರೆಗೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸವಲತ್ತು ದೊರೆಯುತ್ತಿದ್ದುದು ಈ ಅನುಪಾತದ ಅಳತೆಯನ್ನು ತೋರಿಸುತ್ತದೆ. ಗೊಬ್ಬರದ ಚರಿತ್ರೆಯನ್ನು ಬರೆಯುವಾಗ ಗುಂಡಿಯೊಂದನ್ನೇ ನೋಡದೆ ಅದಕ್ಕೆ ಎಲೆ ಬಂದ ಬೆಟ್ಟವನ್ನೂ ನೋಡಬೇಕಾಗುತ್ತದೆ.

ಬಯಲುಸೀಮೆಯ ತಿಪ್ಪೆಗೆ ಈ ಅನುಕೂಲವಿರಲಿಲ್ಲ. ಕೊಟ್ಟಿಗೆಯ ಗಂಜಲ ನೆಲದಲ್ಲೇ ಇಂಗುತ್ತಿತ್ತು. ಬಿಸಿಲಿಗೆ ತೆರೆದುಕೊಂಡ ಗುಡ್ಡೆ ಒಣಗಿ, ಅದರ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತಿತ್ತು. ಮಳೆ ಬಂದಾಗ ಉಳಿದ ಸಾರವೂ ಕೊಚ್ಚಿಹೋಗುತ್ತಿತ್ತು. ಇದಕ್ಕಿಂತ ದೊಡ್ಡ ನಷ್ಟ ಒಲೆಯಲ್ಲಿತ್ತು. ಸೌದೆಯ ಅಭಾವವಿದ್ದ ಊರುಗಳಲ್ಲಿ ಸಗಣಿಯ ಬಹುಪಾಲು ಬೆರಣಿಯಾಗಿ ಉರಿದುಹೋಗುತ್ತಿತ್ತು. ಭಾರತದ ಬೇಸಾಯದ ಸುಧಾರಣೆಯ ಕುರಿತು ವರದಿ ನೀಡಲು ನಿಯುಕ್ತನಾದ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್ 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ರೈತನು ಸಗಣಿಯನ್ನು ಸುಡುವುದು ಅವನ ಅಜ್ಞಾನದಿಂದಲ್ಲ, ಬೇರೆ ಉರುವಲು ಸಿಗದ ಕಾರಣದಿಂದ ಎಂಬುದನ್ನು ಗುರುತಿಸಿ, ಉರುವಲಿಗಾಗಿಯೇ ಮರಗಳನ್ನು ಬೆಳೆಸಬೇಕೆಂದು ವಾದಿಸಿದನು. ಆ ಕಾಲದ ಅಧಿಕಾರಿಗಳ ಬರವಣಿಗೆಯಲ್ಲಿ ಅಪರೂಪವಾದ ನ್ಯಾಯದೃಷ್ಟಿ ಇದು.

ಗಿಡಗಳಿಗೆ ಆಹಾರ ತಯಾರಿಸುವ ವಿದ್ಯೆ ಗ್ರಂಥಸ್ಥವಾದದ್ದೂ ಇದೆ. 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ, ಅಂದರೆ ಮರಗಿಡಗಳ ಪೋಷಣೆ ಮತ್ತು ಚಿಕಿತ್ಸೆಯ ಶಾಸ್ತ್ರಕ್ಕೆ ಒಂದು ಭಾಗ ಮೀಸಲಾಗಿದೆ, ಈ ಕರ್ತೃ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಲ್ಲ. ಸುರಪಾಲನ ಸಂಸ್ಕೃತ ವೃಕ್ಷಾಯುರ್ವೇದವು ವಿವರಿಸುವ ಕುಣಪಜಲ, ಅಂದರೆ ಪ್ರಾಣಿಗಳ ಮಾಂಸ, ಮೂಳೆ ಮೊದಲಾದವನ್ನು ಎಳ್ಳಿನ ಹಿಂಡಿಯಂಥ ವಸ್ತುಗಳೊಡನೆ ನೀರಿನಲ್ಲಿ ಕೊಳೆಸಿ ಮಾಡುವ ದ್ರವಗೊಬ್ಬರವೂ ಪ್ರಸಿದ್ಧವಾದುದೇ. ಆದರೆ ಈ ಗ್ರಂಥಗಳ ಲಕ್ಷ್ಯ ಹೆಚ್ಚಾಗಿ ಅರಸರ, ಸಿರಿವಂತರ ಉದ್ಯಾನಗಳತ್ತ ಇತ್ತು. ತಿಪ್ಪೆಯ ವಿದ್ಯೆ ಓಲೆಗರಿಗೆ ಏರದೆ ಕೈಯಿಂದ ಕೈಗೆ ಬಂದಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಳೆಯುವಿಕೆಯ ರಹಸ್ಯ ರಸಾಯನಶಾಸ್ತ್ರದ ಬೆಳಕಿಗೆ ಬಂದಿತು. ಕೊಳೆಯುವುದೆಂದರೆ ಕಣ್ಣಿಗೆ ಕಾಣದ ಜೀವಾಣುಗಳು ಸಸ್ಯವಸ್ತುವನ್ನು ತಿಂದು ಅರಗಿಸಿಕೊಳ್ಳುವುದು. ಅವುಗಳಿಗೆ ಶಕ್ತಿಗಾಗಿ ಇಂಗಾಲವೂ ಮೈ ಬೆಳೆಸಲು ಸಾರಜನಕವೂ ಬೇಕು. ಇಂಗಾಲ ಮೂವತ್ತು ಪಾಲಿದ್ದರೆ ಸಾರಜನಕ ಒಂದು ಪಾಲಿನಷ್ಟಿರುವ ಮಿಶ್ರಣ ಅವುಗಳಿಗೆ ಹಿತವಾದದ್ದು. ಭತ್ತದ ಹುಲ್ಲಿನಲ್ಲಿ ಈ ಅನುಪಾತ ಎಂಬತ್ತರ ಆಸುಪಾಸಿನಲ್ಲಿರುತ್ತದೆ, ಸಗಣಿಯಲ್ಲಿ ಇಪ್ಪತ್ತರ ಸುಮಾರಿಗೆ ಇಳಿಯುತ್ತದೆ, ಮನುಷ್ಯರ ಮಲದಲ್ಲಿ ಹತ್ತಕ್ಕಿಂತಲೂ ಕಡಿಮೆ. ಹುಲ್ಲೊಂದನ್ನೇ ಗುಡ್ಡೆ ಹಾಕಿದರೆ ವರ್ಷವಾದರೂ ಕೊಳೆಯದೆ ಉಳಿಯುವುದಕ್ಕೂ, ಹಸಿ ಗೊಬ್ಬರ ಹಾಕಿದ ಪಾತಿಯಲ್ಲಿ ಸಸಿ ಹಳದಿಯಾಗುವುದಕ್ಕೂ ಕಾರಣ ಇದೇ: ಆಹಾರದಲ್ಲಿ ಸಾರಜನಕ ಸಾಲದಾದಾಗ ಜೀವಾಣುಗಳು ಮಣ್ಣಿನಲ್ಲಿರುವುದನ್ನೇ ಕಸಿದುಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಹಚಿನ್ಸನ್ ಮತ್ತು ರಿಚರ್ಡ್ಸ್ 1921ರಲ್ಲಿ ಹುಲ್ಲಿಗೆ ಸಾರಜನಕದ ಲವಣಗಳನ್ನು ಬೆರೆಸಿ, ದನಗಳ ನೆರವಿಲ್ಲದೆಯೇ ಕೊಟ್ಟಿಗೆ ಗೊಬ್ಬರದಂಥದ್ದನ್ನು ತಯಾರಿಸಬಹುದೆಂದು ತೋರಿಸಿದರು.

1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಸಸ್ಯಶಾಸ್ತ್ರಜ್ಞರಾಗಿ ಬಂದ ಆಲ್ಬರ್ಟ್ ಹೋವರ್ಡರು ಹಿಡಿದ ದಾರಿ ಬೇರೆ. ಸುತ್ತಲಿನ ರೈತರನ್ನು ತಮ್ಮ ಗುರುಗಳೆಂದು ಅವರು ಬಾಯಿಬಿಟ್ಟು ಒಪ್ಪಿಕೊಂಡಿದ್ದರು. ಚೀನಾ, ಜಪಾನ್, ಕೊರಿಯಾಗಳ ರೈತರು ಕಸವನ್ನು ಪದರಪದರವಾಗಿ ಕೊಳೆಸುವ ಬಗೆಯನ್ನು ಕುರಿತು ಅಮೆರಿಕದ ಎಫ್. ಎಚ್. ಕಿಂಗ್ ಬರೆದ 1911ರ ಗ್ರಂಥವೂ ಅವರ ಮೇಲೆ ಪ್ರಭಾವ ಬೀರಿತ್ತು. 1924ರಲ್ಲಿ ಸ್ಥಾಪನೆಯಾದ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಅವರು ಮತ್ತು ಯಶವಂತ ವಾಡ್ ಸೇರಿ ಬೆಳೆಸಿದ ಪದ್ಧತಿಯಲ್ಲಿ, ಸಸ್ಯದ ಕಸ, ಸಗಣಿ, ಬೂದಿ, ಕೊಟ್ಟಿಗೆಯ ನೆಲದಿಂದ ಅಗೆದ ಗಂಜಲ ಹೀರಿದ ಮಣ್ಣು, ಇವುಗಳನ್ನು ಎರಡಡಿ ಆಳದ ಗುಂಡಿಯಲ್ಲಿ ಪದರವಾಗಿ ಹರಡಿ, ನೀರು ಚಿಮುಕಿಸಿ, ಮೂರು ಸಲ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಪಡೆಯುತ್ತಿದ್ದರು. ಮಗುಚುವುದರ ಉದ್ದೇಶ ಒಳಗೆ ಗಾಳಿಯಾಡಿಸುವುದು. ಗಾಳಿಯಲ್ಲಿ ಬದುಕುವ ಜೀವಾಣುಗಳು ಚುರುಕಾಗಿ ಕೆಲಸ ಮಾಡುತ್ತವೆ, ಆದರೆ ಅದೇ ಗಾಳಿಯೊಡನೆ ಸಾರಜನಕದ ಒಂದು ಪಾಲೂ ಹಾರಿಹೋಗುತ್ತದೆ. 1931ರಲ್ಲಿ ಹೋವರ್ಡ್ ಮತ್ತು ವಾಡ್ ಈ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. ಗಂಜಲದ ಮಣ್ಣನ್ನು ಗೊಬ್ಬರಕ್ಕೆ ಸೇರಿಸಬೇಕೆಂಬ ಅವರ ಆಗ್ರಹವನ್ನು ಮಲೆನಾಡಿನ ಕೊಟ್ಟಿಗೆಯ ಸೊಪ್ಪಿನ ಹಾಸಿನ ಪಕ್ಕದಲ್ಲಿಟ್ಟು ನೋಡಿದರೆ, ಎರಡೂ ಒಂದೇ ನಷ್ಟವನ್ನು ತಡೆಯಲು ಹೊರಟ ಉಪಾಯಗಳೆಂಬುದು ತಿಳಿಯುತ್ತದೆ.

ಬೆಂಗಳೂರಿನ ಸಮಸ್ಯೆ ರೈತನ ಕೊಟ್ಟಿಗೆಯದಲ್ಲ, ಬೆಳೆಯುತ್ತಿದ್ದ ನಗರದ್ದು. 1898ರ ಆಗಸ್ಟಿನಲ್ಲಿ ಕಾಲಿಟ್ಟ ಪ್ಲೇಗ್ ಹಳೆಯ ಪೇಟೆಯ ಕಿಕ್ಕಿರಿದ ಕೇರಿಗಳಲ್ಲಿ ಹಬ್ಬಿದ ಮೇಲೆ, ಮನೆಯ ಹಿಂದೆ ಕಸ ಕೂಡಿಡುವುದು ಸಂಪತ್ತಿನ ಲಕ್ಷಣವಾಗಿ ಉಳಿಯದೆ ರೋಗದ ಶಂಕೆಗೆ ಗುರಿಯಾಯಿತು. ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಲ್ಲಿ ಅಗಲವಾದ ರಸ್ತೆ, ಪ್ರತಿ ಮನೆಗೂ ಹಿತ್ತಲು, ಹಿತ್ತಲ ಬೇಲಿಯಾಚೆ ಕನ್ಸರ್ವೆನ್ಸಿ ಗಲ್ಲಿ ಎಂಬ ಕಿರಿದಾದ ಓಣಿ ಇದ್ದವು. ಆ ಓಣಿ ಇದ್ದದ್ದು ಕಕ್ಕಸುಗಳಿಂದ ಮಲವನ್ನು ಮನೆಯವರ ಕಣ್ಣಿಗೆ ಬೀಳದಂತೆ ಹೊತ್ತೊಯ್ಯುವುದಕ್ಕೆ. ಹಿತ್ತಲಿನ ತೆಂಗು, ಕರಿಬೇವು, ಮಲ್ಲಿಗೆಗಳಿಗೆ ಉದುರೆಲೆಯ ಗೊಬ್ಬರ ಮುಂದುವರಿಯಿತಾದರೂ, ತಿಪ್ಪೆ ಎಂಬುದು ಮನೆಯಿಂದ ಹೊರಟು ನಗರದ ಅಂಚಿಗೆ ಸರಿಯಿತು. ಅಲ್ಲಿ ಅದು ಪೌರಸಭೆಯ ತಲೆನೋವಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಅಧ್ಯಯನಕ್ಕೆ ಆಗಲೇ ಅಡಿಪಾಯವಿತ್ತು. ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರಿನ ಶುದ್ಧೀಕರಣದ ಸಂಶೋಧನೆಯಿಂದ ಹೆಸರು ಮಾಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಇಲ್ಲಿಗೆ ಬಂದು, ತ್ಯಾಜ್ಯದಲ್ಲಿರುವ ಸಾರಜನಕವನ್ನು ಕಾಪಾಡಿಕೊಳ್ಳುವ ಪ್ರಶ್ನೆಯನ್ನು ಜೀವರಸಾಯನಶಾಸ್ತ್ರದ ಕೇಂದ್ರದಲ್ಲಿಟ್ಟಿದ್ದರು. ಆಚಾರ್ಯರು ರಾಥಮ್‌ಸ್ಟೆಡ್‌ನಲ್ಲಿ ಭತ್ತದ ಹುಲ್ಲು ಗಾಳಿಯಿಲ್ಲದ ಸ್ಥಿತಿಯಲ್ಲಿ ಕೊಳೆಯುವ ಬಗೆಯನ್ನು ಅಭ್ಯಾಸ ಮಾಡಿ, 1935ರಲ್ಲಿ ಅದನ್ನು ಕುರಿತ ಲೇಖನಗಳನ್ನು ಪ್ರಕಟಿಸಿದ್ದರು. ಗಾಳಿಯಿಲ್ಲದೆ ಕೊಳೆಯುವುದೆಂದರೆ ದುರ್ವಾಸನೆ, ನಿಧಾನ, ನಷ್ಟ ಎಂಬ ಸಾಮಾನ್ಯ ಅಭಿಪ್ರಾಯದ ಎದುರು, ಅದರಲ್ಲಿ ಸಾರ ಉಳಿಯುವ ಗುಣವೂ ಇದೆಯೆಂಬುದನ್ನು ಬಲ್ಲವರಾಗಿದ್ದರಿಂದಲೇ ಅವರಿಗೆ ಇಂದೋರಿನ ಹಾದಿಯನ್ನು ಬಿಟ್ಟು ನಡೆಯುವುದು ಸಾಧ್ಯವಾಯಿತು ಎನ್ನಬೇಕು.

ಅವರ ಪದ್ಧತಿಯಲ್ಲಿ ಊರಾಚೆ ಸುಮಾರು ಒಂದು ಮೀಟರ್ ಆಳದ, ಎರಡು ಮೀಟರಿನಷ್ಟು ಅಗಲದ ಉದ್ದನೆಯ ಕಂದಕಗಳನ್ನು ತೋಡುತ್ತಾರೆ. ತಳದಲ್ಲಿ ಊರಿನ ಕಸವನ್ನು ಗೇಣುದ್ದದಷ್ಟು ದಪ್ಪವಾಗಿ ಹರಡಿ, ಅದರ ಮೇಲೆ ಸುಮಾರು ಎರಡು ಅಂಗುಲ ಮಲವನ್ನು ಹಾಕಿ, ಮತ್ತೆ ಕಸ, ಮತ್ತೆ ಮಲ, ಹೀಗೆ ನೆಲದ ಮಟ್ಟಕ್ಕಿಂತ ತುಸು ಮೇಲಕ್ಕೆ ಬರುವವರೆಗೆ ತುಂಬಿ, ಕೊನೆಯಲ್ಲಿ ಕಸದ ಪದರವನ್ನೇ ಇಟ್ಟು ಮಣ್ಣಿನಿಂದ ಮುಚ್ಚುತ್ತಾರೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯ ಬಲದಿಂದ ಮೊದಲ ಎಂಟು ಹತ್ತು ದಿನ ಒಳಗೆ ಕಾವು ಏರಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ರೋಗಾಣುಗಳೂ ಜಂತುಹುಳುಗಳ ಮೊಟ್ಟೆಗಳೂ ನೊಣದ ಮರಿಗಳೂ ಈ ಕಾವಿನಲ್ಲಿ ಸಾಯುತ್ತವೆ. ಗಾಳಿ ತೀರಿದ ಮೇಲೆ ಗಾಳಿಯಿಲ್ಲದ ನಿಧಾನವಾದ ಕೊಳೆತ ಆರಂಭವಾಗಿ, ವಸ್ತು ಮತ್ತು ಹವೆಗೆ ಅನುಗುಣವಾಗಿ ನಾಲ್ಕೈದು ತಿಂಗಳಿಂದ ಎಂಟು ತಿಂಗಳ ಒಳಗೆ ಗೊಬ್ಬರ ಸಿದ್ಧವಾಗುತ್ತದೆ. ಒಮ್ಮೆ ಮುಚ್ಚಿದ ಮೇಲೆ ಮಗುಚುವುದಿಲ್ಲ, ನೀರು ಹಾಕುವುದಿಲ್ಲ, ಮಣ್ಣಿನ ಹೊದಿಕೆ ತೇವವನ್ನೂ ಅಮೋನಿಯಾವನ್ನೂ ಹಿಡಿದಿಡುತ್ತದೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟಿದ್ದರೆ, ಪಟ್ಟಣದ ಕಾಂಪೋಸ್ಟಿನಲ್ಲಿ ಅದು ಶೇ. 1.4ರ ಸುಮಾರಿಗೆ ಇರುತ್ತದೆಂದು ಕೃಷಿ ಪಠ್ಯಗಳು ಹೇಳುತ್ತವೆ.

ಮಗುಚದಿರುವುದೇ ಬೆಂಗಳೂರು ಪದ್ಧತಿಯ ತಿರುಳು. ಸಸ್ಯದ ಕಸವನ್ನು ಮಗುಚುವುದು ಶ್ರಮದ ಮಾತು ಮಾತ್ರ. ಮಲ ಬೆರೆತ ಕಸವನ್ನು ವಾರಗಟ್ಟಲೆ ಬಿಟ್ಟು ಮತ್ತೆ ಮತ್ತೆ ಮಗುಚುವುದು ಮನುಷ್ಯನ ಘನತೆಯ ಮಾತು. ಕಂದಕವನ್ನು ಮುಚ್ಚಿ ಮರೆತುಬಿಡಬಹುದಾದ ಈ ವಿಧಾನದಿಂದ ಕೆಲಸಗಾರರ ಕೈಗೆ ತಗಲುತ್ತಿದ್ದ ಹೊಲಸಿನ ಒಂದು ಭಾಗವಾದರೂ ಕಡಿಮೆಯಾಯಿತು. ಆದರೆ ಕಂದಕದವರೆಗೆ ಮಲ ಬರುತ್ತಿದ್ದದ್ದು ಹೇಗೆ? ಕನ್ಸರ್ವೆನ್ಸಿ ಗಲ್ಲಿಗಳಲ್ಲಿ, ಕಕ್ಕಸುಗಳ ಹಿಂಬಾಗಿಲಲ್ಲಿ, ದಲಿತ ಸಮುದಾಯಗಳ ಗಂಡಸರೂ ಹೆಂಗಸರೂ ಅದನ್ನು ತಗಡಿನ ಡಬ್ಬಗಳಲ್ಲಿ ಬಾಚಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಪಟ್ಟಣದ ಗೊಬ್ಬರದ ಸಾರಕ್ಕೆ ಕಾರಣವಾದ ಸಾರಜನಕದ ದೊಡ್ಡ ಪಾಲು ಆ ತಲೆಗಳ ಮೇಲೆ ಬಂದದ್ದು. ವೈಜ್ಞಾನಿಕ ಲೇಖನಗಳು ಪದರದ ದಪ್ಪವನ್ನು ಅಂಗುಲದ ಲೆಕ್ಕದಲ್ಲಿ ಹೇಳುತ್ತವೆ. ಆ ಪದರವನ್ನು ಹಾಕಿದ ಕೈಗಳನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗಲಾರದು.

ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವ ಈ ಪದ್ಧತಿಯನ್ನು ದೇಶದ ಉದ್ದಗಲಕ್ಕೂ ಒಯ್ದಿತು. ಕೃಷಿ ಸಂಶೋಧನಾ ಮಂಡಳಿಯ ಯೋಜನೆಯಡಿ ಆಚಾರ್ಯರ ಮಾರ್ಗದರ್ಶನದಲ್ಲಿ ಪ್ರಾಂತಗಳ ಪೌರಸಭೆಗಳಿಗೆ ಕಂದಕದ ವಿಧಾನವನ್ನು ಕಲಿಸಿಕೊಡಲಾಯಿತು, ಮತ್ತು ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದಲ್ಲಿ ಪಟ್ಟಣದ ಗೊಬ್ಬರ ಒಂದು ಮುಖ್ಯ ಅಂಗವಾಯಿತು. ಅದೇ ಕಾಲದ ಆಸುಪಾಸಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸುವ ಕಾರ್ಖಾನೆಯನ್ನು ಮೈಸೂರು ಸಂಸ್ಥಾನ ಕಂಡಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಚೀಲದ ಗೊಬ್ಬರ ಗಾಡಿಯ ಗೊಬ್ಬರವನ್ನು ಹಿಂದಕ್ಕೆ ತಳ್ಳಿದ ಕಥೆ ಎಲ್ಲರಿಗೂ ತಿಳಿದದ್ದೇ.

ಹುಬ್ಬಳ್ಳಿ-ಧಾರವಾಡದಲ್ಲಿ ಪಟ್ಟಣದ ಗೊಬ್ಬರಕ್ಕೆ ಬೇಡಿಕೆ ಬಹುಕಾಲ ಉಳಿದಿತ್ತು. ಅಲ್ಲಿ ಕಸದ ಗುಂಡಿಗಳನ್ನು ಹರಾಜಿನಲ್ಲಿ ಹಿಡಿದು ರೈತರು ಹೊಲಗಳಿಗೆ ಸಾಗಿಸುತ್ತಿದ್ದರು. ಆ ಬೇಡಿಕೆ ಕುಗ್ಗಿದ್ದಕ್ಕೆ ಎರಡು ಕಾರಣಗಳನ್ನು ಕಾಣಬಹುದು, ಮತ್ತು ಅವುಗಳಲ್ಲಿ ಒಂದನ್ನು ಮನಸಾರೆ ಸ್ವಾಗತಿಸಬೇಕು, ಇನ್ನೊಂದಕ್ಕೆ ದುಃಖಿಸಬೇಕು. 1970ರ ದಶಕದ ಆರಂಭದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ನಿಷೇಧದ ನಂತರವೂ ಕೋಲಾರದ ಚಿನ್ನದ ಗಣಿಯಂಥ ಕಡೆ ಅದು ದಶಕಗಳ ಕಾಲ ಉಳಿಯಿತು ಎಂಬುದೂ ಸತ್ಯ. ಆದರೂ ಕಂದಕಕ್ಕೆ ಮಲ ಬರುವುದು ಕ್ರಮೇಣ ನಿಂತು, ಬೆಂಗಳೂರು ಪದ್ಧತಿ ತನ್ನ ಮೂಲರೂಪದಲ್ಲಿ ಕೊನೆಗೊಂಡಿತು, ಅದು ಕೊನೆಗೊಳ್ಳಲೇಬೇಕಾಗಿತ್ತು. ಎರಡನೆಯ ಕಾರಣ ಪ್ಲಾಸ್ಟಿಕ್ ಮತ್ತು ಗಾಜು. ಊರಿನ ಕಸದಲ್ಲಿ ಅವು ಬೆರೆತಷ್ಟೂ ನೇಗಿಲಿಗೂ ಬರಿಗಾಲಿಗೂ ಆ ಗೊಬ್ಬರ ಅಪಾಯವಾಯಿತು, ಬುಕಾನನ್ ಕಂಡ ಎತ್ತಿನ ಹೇರಿನ ಕಾಲದಿಂದ ನಡೆದುಬಂದಿದ್ದ ಊರು-ಹೊಲಗಳ ಕೊಡುಕೊಳೆ ಕಡಿದುಹೋಯಿತು.

1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಬೆಂಗಳೂರಿನ ಅಂಚಿನಲ್ಲಿ ಆರಂಭವಾಯಿತು. ನಗರ ಬೆಳೆದು ಆ ಅಂಚನ್ನೇ ನುಂಗಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆಯವರು ಎರೆಹುಳುಗಳ ಮೇಲೆ ನಡೆಸಿದ ದೀರ್ಘ ಅಧ್ಯಯನದಿಂದ, ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ ಎಂಬ ಜಾತಿಯ ಹುಳು ರೈತರ ತೊಟ್ಟಿಗಳಿಗೂ ಮನೆತೋಟದ ಡಬ್ಬಗಳಿಗೂ ಬಂದಿತು. ಇದರಿಂದ ಮನೆಮಟ್ಟದ ಗೊಬ್ಬರಕ್ಕೆ ಹೊಸ ಜೀವ ಬಂದದ್ದು ನಿಜ. ಆದರೆ ಗೊಬ್ಬರ ಮತ್ತೆ ಮನೆಯ ಮಾತಾದದ್ದು ಒಂದು ಕಷ್ಟದ ನಂತರ. ನಗರದ ಬೆರಕೆ ಕಸವನ್ನು ವರ್ಷಗಟ್ಟಲೆ ತಮ್ಮ ನೆಲದಲ್ಲಿ ಸುರಿಸಿಕೊಂಡು, ಕುಡಿಯುವ ನೀರನ್ನೇ ಕೆಡಿಸಿಕೊಂಡ ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಜನ ಪ್ರತಿಭಟಿಸಿ, 2012 ಮತ್ತು 2014ರಲ್ಲಿ ಆ ಎರಡು ತಾಣಗಳು ಮುಚ್ಚಿದವು. 2015ರ ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಮನೆಯಲ್ಲೇ ಹಸಿಕಸ, ಒಣಕಸಗಳನ್ನು ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. ತಿಪ್ಪೆಯನ್ನು ಊರಾಚೆ ಸರಿಸಿದ ನೂರು ವರ್ಷಗಳ ಯತ್ನವನ್ನು, ತಿಪ್ಪೆಯ ಪಕ್ಕದಲ್ಲಿ ಬದುಕಬೇಕಾಗಿ ಬಂದ ಹಳ್ಳಿಗರ ಪ್ರತಿಭಟನೆ ಹಿಂದಕ್ಕೆ ತಿರುಗಿಸಿತು.

ಇಂದು ಹಿತ್ತಲು ಉಳಿದಿರುವ ಮನೆಗಳಲ್ಲಿ ಆಚಾರ್ಯರ ಕಂದಕದ ಚಿಕ್ಕ ರೂಪವೊಂದು ಸದ್ದಿಲ್ಲದೆ ಬಳಕೆಯಲ್ಲಿದೆ. ಬಾಳೆಯ ಅಥವಾ ತೆಂಗಿನ ಬುಡದಿಂದ ತುಸು ದೂರದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಒಣ ಎಲೆ, ಅಡುಗೆಮನೆಯ ಹಸಿಕಸ, ಸಿಕ್ಕರೆ ಸಗಣಿಯ ಬಗ್ಗಡ, ಹೀಗೆ ಪದರಪದರವಾಗಿ ತುಂಬಿ ಮಣ್ಣು ಮುಚ್ಚಿಬಿಡುತ್ತಾರೆ. ಮಗುಚುವುದಿಲ್ಲ, ನಾಲ್ಕೈದು ತಿಂಗಳ ನಂತರ ಅದೇ ಜಾಗದಲ್ಲಿ ಸಸಿ ನೆಡುತ್ತಾರೆ. ಹಿತ್ತಲಿಲ್ಲದ ಮಹಡಿ ಮನೆಗಳಲ್ಲಿ ಗುಂಡಿಯ ಬದಲು ತೂತು ಕೊರೆದ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಲ್ಲಿ ಗಾಳಿಯಾಡುವುದರಿಂದ ಆ ವಿಧಾನ ಇಂದೋರಿಗೆ ಹತ್ತಿರ, ಮತ್ತು ಒಣ ಎಲೆ ಕಡಿಮೆಯಾದೊಡನೆ ಅದು ನಾರತೊಡಗುವುದು ಇಂಗಾಲ-ಸಾರಜನಕಗಳ ಹಳೆಯ ಲೆಕ್ಕ ತಪ್ಪಿದ್ದರಿಂದ. ಎರಡರಲ್ಲೂ ಕೊನೆಯ ಕೆಲಸ ಒಂದೇ. ಕಪ್ಪಾಗಿ ಉದುರುವ ಪುಡಿಯನ್ನು ಜರಡಿಯಲ್ಲಿ ಸೋಸಿ ಪಾತಿಗೆ ಹಾಕಿ, ಜರಡಿಯ ಮೇಲೆ ನಿಂತ ಅರೆಕೊಳೆತ ಕಡ್ಡಿ, ನಾರು, ಸಿಪ್ಪೆಗಳನ್ನು ಮುಂದಿನ ಗುಂಡಿಯ ತಳಕ್ಕೆ ಹೆಪ್ಪಾಗಿ ಹರಡುತ್ತಾರೆ.